ಸೊನ್ನೆಯೊಳಗಿನ ಚುಕ್ಕಿ

"ನಿಲ್ಸ್ರೀ! ಡ್ರೈವರ್, ನಿಲ್ಸ್ರೀ ಅಂದ್ರ!"

ದೋಣಿಮಲೈ ಟೌನ್‌ಶಿಪ್ಪಿನಲ್ಲಿ ಬೆಳಗಿನ ಎಂಟೂವರೆ ಆಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡಬೇಕಿರಲಿಲ್ಲ. ದೇವಿಕಾಳ ಈ ಕೂಗು ಕೇಳಿದರೆ ಸಾಕಿತ್ತು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಊಟದ ಡಬ್ಬಿ, ಹೆಗಲಿಂದ ಜಾರುವ ವೇಲು. ಗಣಿಗೆ ಹೊರಟ ಸ್ಟಾಫ್ ಬಸ್ಸಿನ ಹಿಂದೆ ಅವಳ ಓಟ. ಕ್ವಾರ್ಟರ್ಸಿನ ಕಟ್ಟಕಡೆಯ ಮನೆಯಿಂದ ಬರುವವಳಾದ್ದರಿಂದ ಅವಳಿಗೆ ಕಾಣುತ್ತಿದ್ದುದು ಯಾವಾಗಲೂ ಬಸ್ಸಿನ ಬೆನ್ನೇ. ಅದರ ಏಣಿ, ಅದರ ಸೊಟ್ಟಗಾದ ಬಂಪರ್, ಅದರ ಮೇಲೆ ಕೂತ ಅದಿರಿನ ಕೆಂಪು ಧೂಳು ಎಲ್ಲವೂ ಅವಳಿಗೆ ಬಾಯಿಪಾಠವಾಗಿದ್ದವು.

ಹಿಂದಿನ ಬಾಗಿಲಿನ ಸರಳು ಹಿಡಿದು ಜಿಗಿದು ಹತ್ತುವಷ್ಟರಲ್ಲಿ ಮುಂದಿನಿಂದ ಒಂದು ದನಿ ಬರುತ್ತಿತ್ತು.

"ಬಸ್ಸಿನ ಟೈಮ್ ಎಂಟೂವರೆ ಐತ್ರಿ ಮೇಡಂ. ನಿಮ್ಮ ಟೈಮ್ ಎಷ್ಟೈತ್ರಿ?"

"ಒಂದು ನಿಮಿಷ ನಿಂತ್ರ ಬಸ್ಸೇನು ಬೇರು ಬಿಡ್ತೈತೇನ್ರಿ?"

ಬಸ್ಸಿನ ನಲವತ್ತೆಂಟು ಮಂದಿಗೂ ದಿನಾ ಬೆಳಗ್ಗೆ ಪುಕ್ಕಟೆ ಮನರಂಜನೆ. ಡ್ರೈವರ್ ದುರುಗೇಶ್ ಮಾತ್ರ ನಗುತ್ತಿರಲಿಲ್ಲ. ಕಮಲಾಪುರದ ಕಡೆಯವನು, ವಯಸ್ಸು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ, ಕಟ್ಟುಮಸ್ತು ಆಳು. ಅಷ್ಟು ಕೇಳಿ ಮುಗಿಸಿದನೆಂದರೆ ಅವನ ಆ ದಿನದ ಮಾತು ಮುಗಿದಂತೆ. ಎಂಥ ಕಲ್ಲುಮನುಷ್ಯ, ಒಂದು ದಿನವಾದರೂ ನಿಂತನೇ ಎಂದು ದೇವಿಕಾ ಕಿಟಕಿ ಪಕ್ಕ ಕೂತು ಏದುಸಿರು ಬಿಡುತ್ತಾ ಶಪಿಸುತ್ತಿದ್ದಳು. ಹನ್ನೊಂದು ತಿಂಗಳಿಂದ ಹೀಗೇ ನಡೆದಿತ್ತು.

ದೇವಿಕಾ ಮಲಪನಗುಡಿಯ ಅಂಜಿನಯ್ಯನ ಮಗಳು. ಗಣಿಯ ಲ್ಯಾಬಿನಲ್ಲಿ ಒಂದು ವರ್ಷದ ಅಪ್ರೆಂಟಿಸ್. ಬಂದ ಅದಿರನ್ನು ಕುಟ್ಟಿ, ಜರಡಿ ಹಿಡಿದು, ಅದರಲ್ಲಿ ಕಬ್ಬಿಣ ಎಷ್ಟು ಅಂತ ಬರೆಯುವುದು ಅವಳ ಕೆಲಸ. ಕ್ಯಾಂಟೀನಿನಲ್ಲಿ ದುಡಿಯುವ ಚಿಕ್ಕಮ್ಮ ಹೇಮಾವತಿಯ ಕ್ವಾರ್ಟರ್ಸಿನಲ್ಲಿ ವಾಸ. ಜುಲೈ ಐದಕ್ಕೆ ವರ್ಷ ತುಂಬುತ್ತಿತ್ತು. ಅಂದು ಗೇಟ್‌ಪಾಸ್ ಒಪ್ಪಿಸಿ ಮರುದಿನ ಊರಿಗೆ ಹೊರಡುವುದೆಂದು ಆಗಲೇ ನಿಶ್ಚಯವಾಗಿತ್ತು.

ಕಾಲೇಜಿನಲ್ಲಿದ್ದಾಗ ಅವಳು ಜಿಲ್ಲಾ ಫುಟ್ಬಾಲ್ ತಂಡದಲ್ಲಿ ಬಲಬದಿಯ ಫಾರ್ವರ್ಡ್ ಆಡಿದವಳು. ಆ ಓಟ ಬಸ್ಸಿನ ಹಿಂದೆಯೂ ಉಪಯೋಗಕ್ಕೆ ಬಂತು ಅನ್ನಿ.

*

ಜೂನ್ ಇಪ್ಪತ್ತಮೂರರ ಸಂಜೆ ಅವಳಿಗೆ ಸಿಟ್ಟು ಬಂದಿತ್ತು. ಹೆಣ್ಣುಮಕ್ಕಳ ಫುಟ್ಬಾಲ್ ಏಷ್ಯಾ ಕಪ್ಪಿಗೆ ಅರ್ಹತಾ ಪಂದ್ಯಗಳು ಅಂದು ಥೈಲ್ಯಾಂಡಿನಲ್ಲಿ ಶುರುವಾಗಿದ್ದವು. ಐದು ತಂಡಗಳ ಗುಂಪು: ಭಾರತ, ಥೈಲ್ಯಾಂಡ್, ಇರಾಕ್, ಮಂಗೋಲಿಯಾ, ಟಿಮೋರ್. ಮೊದಲು ಬಂದ ಒಂದೇ ತಂಡಕ್ಕೆ ಆಸ್ಟ್ರೇಲಿಯಾದ ಟಿಕೆಟ್. ನಮ್ಮ ಹುಡುಗಿಯರು ಮಂಗೋಲಿಯಾಕ್ಕೆ ಗೋಲಿನ ಮೇಲೆ ಗೋಲು ಬಾರಿಸುತ್ತಿದ್ದರೆ, ಬಸ್ಸಿನಲ್ಲಿ ಒಬ್ಬರಿಗೂ ಸುದ್ದಿಯೇ ಇಲ್ಲ. ಎಲ್ಲರ ಬಾಯಲ್ಲೂ ಕ್ರಿಕೆಟ್ಟು.

ಬಸ್ ಶೆಲ್ಟರಿನ ಗೋಡೆಗೆ ಒಂದು ಹಳೆಯ ಕರಿಹಲಗೆ ಇತ್ತು. ಮೊದಲು ಅದರ ಮೇಲೆ ಕ್ಲಬ್ಬಿನ ಕಾರ್ಯಕ್ರಮ ಬರೆಯುತ್ತಿದ್ದರಂತೆ. ದೇವಿಕಾ ಅಂಗಡಿಯಿಂದ ಸೀಮೆಸುಣ್ಣ ತಂದವಳೇ ಐದು ತಂಡಗಳ ಹೆಸರು, ಆಟ, ಪಾಯಿಂಟು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು ಎಂದು ಗೆರೆ ಎಳೆದು ಪಟ್ಟಿ ಬರೆದಳು. ಕೆಳಗೆ ದಪ್ಪಕ್ಷರದಲ್ಲಿ: ಇಂಡಿಯಾ 12, ಮಂಗೋಲಿಯಾ 0. ಈಗಾದರೂ ಕಣ್ಣು ಬಿಡಲಿ ಎಂದುಕೊಂಡು ಕೈ ಝಾಡಿಸಿ, ಮರೆತುಬಂದ ಡಬ್ಬಿಗಾಗಿ ಅಲ್ಲೇ ನಿಂತಿದ್ದ ಬಸ್ಸಿನ ಹಿಂದಿನ ಬಾಗಿಲು ಹತ್ತಿ ಇಳಿದಳು.

ಮರುದಿನ ಬೆಳಗ್ಗೆ ಎಂದಿನಂತೆ ಓಡಿ ಬಂದವಳಿಗೆ ಶೆಲ್ಟರ್ ದಾಟುವಾಗ ಹಲಗೆ ಕಣ್ಣಿಗೆ ಬಿತ್ತು. ಯಾರೋ ಹಳದಿ ಸೀಮೆಸುಣ್ಣದಲ್ಲಿ 12 ಹೊಡೆದುಹಾಕಿ 13 ಮಾಡಿದ್ದರು. ಪಕ್ಕದಲ್ಲಿ ಒಂದು ಸಾಲು:

"ನೆಟ್‌ವರ್ಕ್ ಹೋದ ಮ್ಯಾಲೂ ಆಟ ನಡೀತಿರ್ತೈತ್ರಿ."

ಬಸ್ಸು ಹತ್ತಿ ಮೊಬೈಲ್ ನೋಡಿದರೆ ಹೌದು, ಹದಿಮೂರೇ! ಹಿಂದಿನ ದಿನ ಬೆಟ್ಟದ ತಿರುವಿನಲ್ಲಿ ಸಿಗ್ನಲ್ ಕೈಕೊಟ್ಟಿದ್ದು ಅವಳಿಗೆ ನೆನಪಾಯಿತು. ತಪ್ಪು ಸಿಕ್ಕಿಬಿದ್ದುದಕ್ಕೆ ನಾಚಿಕೆಯಾಗಬೇಕಿತ್ತು. ಆದರೆ ಅವಳು ಗಣಿ ತಲುಪುವವರೆಗೂ ಕಿಟಕಿಯಾಚೆ ನೋಡುತ್ತಾ ಒಬ್ಬಳೇ ನಗುತ್ತಿದ್ದಳು.

ಇನ್ನೂ ಒಂದು ವಿಶೇಷವಿತ್ತು. ಭಾರತ ಬಿಟ್ಟುಕೊಟ್ಟ ಗೋಲಿನ ಕಾಲಮ್ಮಿನಲ್ಲಿ ಅವಳು ಬರೆದಿದ್ದ ಸೊನ್ನೆಯನ್ನು ಅಳಿಸಿ ಆ ಕೈ ತನ್ನದೇ ಸೊನ್ನೆ ಬರೆದಿತ್ತು. ಅದರ ನಟ್ಟನಡುವೆ ಒಂದು ಚುಕ್ಕಿ.

ಸಂಜೆ ಅವಳು ಕೆಳಗೆ ಬರೆದಳು: "ಸೊನ್ನಿಗೆ ಚುಕ್ಕಿ ಯಾಕ್ರಿ?"

ಬೆಳಗ್ಗೆ ಉತ್ತರ ಸಿದ್ಧವಿತ್ತು: "ಅದು ಗೋಲ್‌ಕೀಪರ್. ಗೋಲ್ ಖಾಲಿ ಬಿಡಬಾರದ್ರಿ."

ಅಂದು ಬಸ್ಸಿನಲ್ಲಿ ದೇವಿಕಾ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಸೊನ್ನೆ ಬರೆದು ನಡುವೆ ಚುಕ್ಕಿ ಇಟ್ಟಳು.

*

"ಅಂದ್ರ ಸಂಜಿ ನೀ ಬರೆದು ಬಂದ ಮ್ಯಾಲೆ, ಬೆಳಗ್ಗೆ ಎಂಟರ ಒಳಗ ಬರೀತಾರ. ಹಂಗಾದ್ರ ಯಾವ ಶಿಫ್ಟು?" ಚಿಕ್ಕಮ್ಮ ಹೇಮಾವತಿ ರೊಟ್ಟಿ ತಟ್ಟುವುದನ್ನೂ ಬಿಟ್ಟು ಕೇಳಿದಳು.

ದೋಣಿಮಲೈಯಲ್ಲಿ ಮನುಷ್ಯರ ಗುರುತು ಹಿಡಿಯುವ ಕ್ರಮವೇ ಅದು. ಯಾವ ಊರು, ಯಾರ ಮಗ ಅನ್ನುವುದೆಲ್ಲ ಆಮೇಲೆ. ಮೊದಲು ಯಾವ ಶಿಫ್ಟು? ಬೆಳಗಿನ ಎ ಶಿಫ್ಟಿನವರು ಐದೂವರೆಗೆ ಶೆಲ್ಟರಿಗೆ ಬರುತ್ತಾರೆ. ಬಿ ಶಿಫ್ಟಿನವರು ರಾತ್ರಿ ಹತ್ತೂವರೆಗೆ ಇಳಿಯುತ್ತಾರೆ. ಸಿ ಶಿಫ್ಟಿನವರು ಒಂಬತ್ತೂವರೆಗೆ ಹತ್ತುತ್ತಾರೆ. ದೇವಿಕಾ ಕಾಗದ ಹಿಡಿದು ಮೂರೂ ಶಿಫ್ಟಿನ ಹೆಸರು ಬರೆದಳು. ಮದುವೆಯಾದವರನ್ನು ಚಿಕ್ಕಮ್ಮ ಹೊಡೆದುಹಾಕಿದಳು.

"ಯಲ್ಲೇಶ್ ಇರಬೇಕು ನೋಡೇ. ಎಲೆಕ್ಟ್ರಿಕಲ್. ಮೀಸಿ ಭಾಳ ಚಂದ ಬಿಟ್ಟಾನ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಲ್ಲೇಶನಿಗೆ ವಿಷಯ ಮುಟ್ಟಿದ್ದೇ ತಡ, ಅವನು ಮೀಸೆ ತೀಡಿಕೊಂಡು, "ಹೌದು, ನಾನೇ ಬರೆದದ್ದು," ಎಂದುಬಿಟ್ಟ.

"ಹೌದಾ? ಹಂಗಾದ್ರ ಗುಂಪಿನಾಗ ಎಷ್ಟು ತಂಡ ಅದಾವ ಹೇಳ್ರಿ," ಎಂದಳು ದೇವಿಕಾ.

"ಹನ್ನೊಂದು," ಎಂದ ಯಲ್ಲೇಶ್ ಎದೆಯುಬ್ಬಿಸಿ.

ಅವನ ಹೆಸರಿನ ಮೇಲೂ ಗೆರೆ ಬಿತ್ತು.

*

ಇಪ್ಪತ್ತೊಂಬತ್ತಕ್ಕೆ ಟಿಮೋರ್ ಮೇಲೆ ನಾಲ್ಕು ಗೋಲು. ಜುಲೈ ಎರಡಕ್ಕೆ ಇರಾಕ್ ಮೇಲೆ ಐದು. ಈಗ ಹಲಗೆಯ ಮುಂದೆ ಜನ ನಿಲ್ಲತೊಡಗಿದ್ದರು. ಕ್ಲಬ್ಬಿನ ಹಿರಿಯ ಪಂಪಣ್ಣನಂಥವರೂ ಕನ್ನಡಕ ಏರಿಸಿ, "ಏನಂತ ಲೇ ನಮ್ಮ ಹುಡುಗೇರದು?" ಎಂದು ಕೇಳುತ್ತಿದ್ದರು. ಬಿಳಿ ಯಾರದು, ಹಳದಿ ಯಾರದು ಎಂದು ಶಿಫ್ಟಿನಿಂದ ಶಿಫ್ಟಿಗೆ ಪಂದ್ಯ ಕಟ್ಟುವವರೂ ಹುಟ್ಟಿಕೊಂಡರು.

ಬಿಳಿಗೂ ಹಳದಿಗೂ ನಡುವೆ ಮಾತು ಬೆಳೆದಿತ್ತು. "ಆಟ ಇಲ್ಲದ ದಿನ ಇಂಡಿಯಾ ಹುಡುಗೇರು ಏನು ಮಾಡ್ತಾರ?" ಎಂದು ಹಳದಿ ಕೇಳಿದರೆ, "ನಿಮ್ಮ ಹಂಗ ಬ್ಯಾರೆಯವರ ತಪ್ಪು ಹುಡುಕ್ತಾರ," ಎಂದು ಬಿಳಿ. "ತಪ್ಪು ಹುಡುಕೋ ನೆಪಕ್ಕ ದಿನಾ ಬರೋದು ತಪ್ಪಾ?" ಎಂದು ಮತ್ತೆ ಹಳದಿ. ಈ ಕೊನೆಯ ಸಾಲನ್ನು ದೇವಿಕಾ ಯಾರಿಗೂ ಕಾಣದಂತೆ ವೇಲಿನ ತುದಿಯಿಂದ ಒರೆಸಿದಳು. ಒರೆಸುವ ಮೊದಲು ಮೂರು ಸಲ ಓದಿದಳು.

ಎರಡನೇ ತಾರೀಖಿನ ಸಂಜೆ ಪಟ್ಟಿ ತಿದ್ದುತ್ತಿದ್ದವಳ ಕೈ ನಿಂತೇಹೋಯಿತು. ಭಾರತ: ಮೂರು ಆಟ, ಒಂಬತ್ತು ಪಾಯಿಂಟು, ಹೊಡೆದದ್ದು ಇಪ್ಪತ್ತೆರಡು, ಬಿಟ್ಟದ್ದು ಸೊನ್ನೆ. ಥೈಲ್ಯಾಂಡ್: ಮೂರು ಆಟ, ಒಂಬತ್ತು ಪಾಯಿಂಟು, ಹೊಡೆದದ್ದು ಇಪ್ಪತ್ತೆರಡು, ಬಿಟ್ಟದ್ದು ಸೊನ್ನೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಶನಿವಾರ ಇಬ್ಬರೂ ಎದುರುಬದುರು. ಗೆದ್ದವರು ಆಸ್ಟ್ರೇಲಿಯಾಕ್ಕೆ, ಸೋತವರು ಮನೆಗೆ. ಶನಿವಾರವೆಂದರೆ ಜುಲೈ ಐದು, ದೇವಿಕಾಳ ಕೊನೆಯ ದಿನ.

ಅವಳು ಬರೆದಳು: "ಶನಿವಾರದ ಮ್ಯಾಲೆ ಬಿಳಿ ಸೀಮೆಸುಣ್ಣ ಇರಂಗಿಲ್ಲ. ನೀವು ಯಾರು ಹೇಳ್ರಿ."

ಗುರುವಾರ ಬೆಳಗ್ಗೆ ಉತ್ತರವಿರಲಿಲ್ಲ. ದಿನವಿಡೀ ಅವಳಿಗೆ ಕೆಲಸದಲ್ಲಿ ಮನಸ್ಸಿಲ್ಲ. ಸ್ಯಾಂಪಲ್ಲಿನ ಚೀಟಿಗಳು ಅದಲುಬದಲಾಗಿ ಲ್ಯಾಬಿನ ಮೇಡಂ ಕೈಯಲ್ಲಿ ಬೈಸಿಕೊಂಡಳು. ಶುಕ್ರವಾರ ಬೆಳಗ್ಗೆ ಹಳದಿ ಅಕ್ಷರಗಳು ಕಂಡವು.

"ಇಂಡಿಯಾ ಗೆದ್ರ ಇದೇ ಹಲಗಿ ಮ್ಯಾಲೆ ಹೆಸರು ಬರೀತೀನಿ. ಸೋತ್ರ ಎಲ್ಲಾ ಒರೆಸಿಬಿಡ್ತೀನಿ."

ಹೇಡಿ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಆಮೇಲೆ ಬಸ್ಸಿನಲ್ಲಿ ಕೂತು, ನಮ್ಮ ಹುಡುಗಿಯರು ಗೆಲ್ಲಲಿ ಎಂದು ಜಂಬುನಾಥನಿಗೆ ಹರಕೆ ಹೊತ್ತಳು. ಥೈಲ್ಯಾಂಡ್ ರ‍್ಯಾಂಕಿಂಗಿನಲ್ಲಿ ನಮಗಿಂತ ಬಹಳ ಮೇಲೆ, ಸಾಲದ್ದಕ್ಕೆ ಆಟ ಅವರ ನೆಲದಲ್ಲಿ. ಅವಳ ಹೆದರಿಕೆಗೆ ಕಾರಣವಿತ್ತು.

*

ಶನಿವಾರ ನಾಲ್ಕೂವರೆಗೆಲ್ಲ ಹೆಲ್ಮೆಟ್, ಗೇಟ್‌ಪಾಸ್ ಒಪ್ಪಿಸಿ ಆಯಿತು. ಮಾಡಲು ಕೆಲಸವಿಲ್ಲದೆ ದೇವಿಕಾ ಒಂದು ವರ್ಷದಲ್ಲಿ ಮೊದಲ ಸಲ ಬಸ್ಸಿಗಿಂತ ಮುಂಚೆ ಗಣಿಯ ಗೇಟಿಗೆ ಬಂದಳು. ಐದೂವರೆಯ ಬಸ್ಸು ತಿರುವು ದಾಟಿ ಅವಳೆದುರಿಗೇ ಬಂತು. ಇದೇ ಬಸ್ಸಿನ ಮುಖ ಹೀಗಿದೆಯೇ ಎಂದು ಅವಳು ತಮಾಷೆಯಿಂದ ನೋಡಿದಳು. ಹೆಡ್‌ಲೈಟಿನ ಮೇಲೆ ನಿಂಬೆಹಣ್ಣು, ಕನ್ನಡಿಗೆ ಚೆಂಡುಹೂವಿನ ಹಾರ, ಗಾಜಿನ ಒಳಗೆ ಒಂದು ಸ್ಲೇಟು.

ಸ್ಲೇಟಿನ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಬರೆದಿತ್ತು: ಜನರಲ್ ಶಿಫ್ಟ್, 5.30.

ಸೊನ್ನೆಯ ನಡುವೆ ಚುಕ್ಕಿ.

ದೇವಿಕಾ ನಿಂತಲ್ಲೇ ನಿಂತಳು. ಎ ಶಿಫ್ಟು, ಬಿ ಶಿಫ್ಟು, ಸಿ ಶಿಫ್ಟು ಎಂದು ಇಡೀ ಗಣಿಯನ್ನು ಜರಡಿ ಹಿಡಿದಿದ್ದಳಲ್ಲ! ಎಲ್ಲ ಶಿಫ್ಟಿನವರನ್ನೂ ಹೊತ್ತು ತಿರುಗುವ, ಯಾವ ಶಿಫ್ಟಿನ ಪಟ್ಟಿಗೂ ಸೇರದ ಒಬ್ಬ ಮನುಷ್ಯ ಇದ್ದಾನೆಂಬುದು ಅವಳಿಗೂ ಹೊಳೆದಿರಲಿಲ್ಲ, ಚಿಕ್ಕಮ್ಮನಿಗೂ ಹೊಳೆದಿರಲಿಲ್ಲ. ಬೆಳಗಿನ ಐದಕ್ಕೆ ಖಾಲಿ ಬಸ್ಸು ನಿಲ್ಲಿಸಿ ಶೆಲ್ಟರಿನಲ್ಲಿ ಕಾಯುವವನು ಇನ್ನಾರು?

ಅವಳು ಮುಂದಿನ ಬಾಗಿಲಿನಿಂದ ಹತ್ತಿ ಮುಂದಿನ ಸೀಟಿನಲ್ಲೇ ಕೂತಳು. ದುರುಗೇಶ್ ಗಡಿಯಾರ ನೋಡಿದ, ಅವಳನ್ನು ನೋಡಿದ, ಮತ್ತೆ ಗಡಿಯಾರ ನೋಡಿದ.

"ಇವತ್ತು ಟೈಮಿಗಿಂತ ಮೊದಲ ಬಂದೀರಿ."

"ಹೌದ್ರಿ. ಬಸ್ಸಿನ ಮುಖ ನೋಡಬೇಕಿತ್ತು."

ಅವನ ಕೈ ಗೇರಿನ ಮೇಲೆ ಒಂದು ಕ್ಷಣ ತಡೆಯಿತು. ಒಳಗಿನ ಕನ್ನಡಿಯಲ್ಲಿ ಅವನ ಕಣ್ಣು ಮೇಲೆದ್ದವು. ಅಲ್ಲಿ ಅವಳ ಕಣ್ಣು ಆಗಲೇ ಕಾಯುತ್ತಿದ್ದವು. ಅವನೇ ಮೊದಲು ದೃಷ್ಟಿ ತಪ್ಪಿಸಿದ. ಅವನ ಕಿವಿ ಕೆಂಪಾದವು. ಇಳಿಜಾರಿನ ಆರು ತಿರುವುಗಳಲ್ಲಿ ಆರು ಸಲ ಆ ಕಣ್ಣು ಕನ್ನಡಿಗೆ ಬಂದು ಹೋದವು. ದೇವಿಕಾ ಒಂದನ್ನೂ ಬಿಡದೆ ಎಣಿಸಿದಳು.

*

ಆರರ ಹೊತ್ತಿಗೆ ಶೆಲ್ಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಟ್‌ವರ್ಕು ಚೆನ್ನಾಗಿ ಸಿಗುವ ಜಾಗ ಅದೊಂದೇ. ಹಲಗೆಯ ಕೆಳಗಿನ ಕಟ್ಟೆಗೆ ಪಂಪಣ್ಣನ ದೊಡ್ಡ ಮೊಬೈಲು ಒರಗಿಸಿ ಮೂವತ್ತು ಮಂದಿ ಬಗ್ಗಿ ನಿಂತಿದ್ದರು. ಹೇಮಾವತಿ ಕ್ಯಾಂಟೀನಿನಿಂದ ಮಿರ್ಚಿ, ಮಂಡಕ್ಕಿ ತಂದಿದ್ದಳು. ರಾತ್ರಿಯ ಟ್ರಿಪ್ಪಿಗೆ ಇನ್ನೂ ಹೊತ್ತಿದ್ದುದರಿಂದ ದುರುಗೇಶ್ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ. ದೇವಿಕಾ ಹೋಗಿ ಪಕ್ಕದಲ್ಲಿ ನಿಂತಳು.

"ಸ್ಕೂಲಿನಾಗ ಕೀಪರ್ ಇದ್ದಿರೇನ್ರಿ?"

"ಹ್ಞೂಂ." ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ನಾನು ಅಂತ ಹೆಂಗ ಗೊತ್ತಾತ್ರಿ?"

"ಅದು ಆಮ್ಯಾಲೆ. ಬಿಳಿ ನಾನು ಅಂತ ನಿಮಗ ಯಾವಾಗ ಗೊತ್ತಾತು?"

"ಮೊದಲನೇ ದಿನ. ಬಸ್ಸು ನಾನೇ ಒರೆಸ್ತೀನ್ರಿ. ಹಿಂದಿನ ಬಾಗಿಲ ಸರಳಿಗೆ ದಿನಾ ಕೆಂಪು ಬೆರಳಿನ ಗುರುತು ಇರ್ತಿತ್ತು. ಇಪ್ಪತ್ತನಾಕಕ್ಕ ಅದು ಗುಲಾಬಿ ಆಗಿತ್ತು. ಅದಿರಿನ ಕೈಯಾಗ ಸೀಮೆಸುಣ್ಣ ಹಿಡಿಯೋರು ಇನ್ಯಾರದಾರ?"

ತನ್ನ ಬೆರಳಿನ ಗುರುತನ್ನು ಒಬ್ಬ ಮನುಷ್ಯ ದಿನಾ ನೋಡುತ್ತಿದ್ದನೆಂದು ಕೇಳಿ ದೇವಿಕಾ ಕೈಯನ್ನು ವೇಲಿನೊಳಗೆ ಮರೆಸಿಕೊಂಡಳು. ಅಷ್ಟರಲ್ಲಿ "ಗೋಲ್!" ಎಂದು ಶೆಲ್ಟರ್ ಕಿತ್ತುಹೋಗುವಂತೆ ಕೂಗೆದ್ದಿತು. ದೂರದಿಂದ ಹೊಡೆದ ಚೆಂಡು, ಭಾರತಕ್ಕೆ ಒಂದು! ಪಂಪಣ್ಣ ಪಕ್ಕದವನನ್ನು ತಬ್ಬಿಕೊಂಡ, ಮಂಡಕ್ಕಿ ನೆಲಕ್ಕೆ ಚೆಲ್ಲಿತು. ದೇವಿಕಾ ಕುಣಿಯುತ್ತಾ ಕುಣಿಯುತ್ತಾ ದುರುಗೇಶನ ತೋಳು ಹಿಡಿದಿದ್ದಳು. ಇಬ್ಬರಿಗೂ ಅರಿವಾಗಿ ಇಬ್ಬರೂ ಒಂದು ಹೆಜ್ಜೆ ಸರಿದರು.

ಮಧ್ಯಂತರದ ಬಳಿಕ ಇನ್ನೂ ಮಿರ್ಚಿ ಬಾಯಲ್ಲಿರುವಾಗಲೇ ಥೈಲ್ಯಾಂಡ್ ಗೋಲು ಹೊಡೆಯಿತು. ಇಡೀ ಗುಂಪಿನಲ್ಲಿ ಭಾರತ ಬಿಟ್ಟುಕೊಟ್ಟ ಮೊದಲ ಗೋಲು. ಸೊನ್ನೆ ಹೋಯಿತು. ದೇವಿಕಾ ಕದ್ದು ನೋಡಿದರೆ ದುರುಗೇಶನ ಮುಖ ಬಿಳಿಚಿಕೊಂಡಿತ್ತು.

"ಸೋತ್ರ ಖರೇನ ಒರೆಸ್ತೀರೇನ್ರಿ?"

"ಬರೆದ ಮಾತು ತಪ್ಪಬಾರದಲ್ರಿ."

"ಭಾಳ ಕೆಟ್ಟ ಮಾತು ಬರೆದೀರಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಇನ್ನು ಅರ್ಧ ಗಂಟೆಯಲ್ಲಿ ಎಲ್ಲವೂ ಅಳಿಸಿಹೋಗಬಹುದೆಂಬುದು ಅವಳಿಗೆ ತಡೆಯಲಾಗಲಿಲ್ಲ.

ಎಪ್ಪತ್ತನಾಲ್ಕನೇ ನಿಮಿಷ. ಅದೇ ಹುಡುಗಿ, ಈ ಸಲ ತಲೆಯಿಂದ! ಎರಡು! ಅಲ್ಲಿಂದ ಮುಂದಿನ ಹೊತ್ತನ್ನು ಯಾರೂ ಸರಿಯಾಗಿ ನೋಡಲಿಲ್ಲ. ಹೇಮಾವತಿ ಕಣ್ಣು ಮುಚ್ಚಿದ್ದಳು, ಪಂಪಣ್ಣ ಜಪ ಮಾಡುತ್ತಿದ್ದ. ಕೊನೆಯ ಸೀಟಿ ಊದಿದಾಗ ದೋಣಿಮಲೈ ಬೆಟ್ಟಕ್ಕೆ ಆ ಕೂಗು ಹೋಗಿ ಬಡಿಯಿತು.

ದುರುಗೇಶ್ ಜೇಬಿನಿಂದ ಹಳದಿ ಸೀಮೆಸುಣ್ಣ ತೆಗೆದ. ಜನರ ನಡುವೆ ನುಗ್ಗಿ ಭಾರತದ ಸೊನ್ನೆಯನ್ನು ಒರೆಸಿ 1 ಬರೆದ. ಹನ್ನೆರಡು ಪಾಯಿಂಟು, ಇಪ್ಪತ್ತನಾಲ್ಕು ಗೋಲು. ಕೆಳಗೆ: "ದುರುಗೇಶ್, ಡ್ರೈವರ್."

"ಲೇ! ಹಳದಿ ನೀನೇನಲೇ!" ಎಂದು ಯಲ್ಲೇಶ್ ಬೆನ್ನಿಗೆ ಗುದ್ದಿದ. "ಮತ್ತ ಬಿಳಿ ಯಾರು?"

ದುರುಗೇಶ್ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಬಸ್ಸಿನತ್ತ ನಡೆದ. ಜನ ಚದುರಿದ ಮೇಲೆ ಬಸ್ಸಿನ ಹಿಂದೆ, ಆ ಏಣಿಯ ಪಕ್ಕ, ದೇವಿಕಾ ಅವನನ್ನು ತಡೆದಳು.

"ಒಂದು ಹೇಳ್ರಿ. ನಾನು ಅಂತ ಗೊತ್ತಿದ್ದೂ ಒಂದು ದಿನಾನೂ ಬಸ್ಸು ನಿಲ್ಲಿಸಲಿಲ್ಲ ಯಾಕ?"

ಅವನು ತಲೆ ಕೆರೆದುಕೊಂಡ. "ನಿಮ್ಮೊಬ್ಬರಿಗೆ ನಿಲ್ಲಿಸಿದ್ರ ಬಸ್ಸಿನಾಗಿನ ಅಷ್ಟೂ ಮಂದಿಗೆ ಗೊತ್ತಾಗಿಬಿಡ್ತಿತ್ರಿ. ನಿಮ್ಮ ಹೆಸರು ಬಾಯಿಂದ ಬಾಯಿಗೆ ಹೋಗೋದು ಬ್ಯಾಡಾಗಿತ್ತು." ಆಮೇಲೆ ಮೆಲ್ಲಗೆ, "ಆದ್ರ ನೀವು ಒಂದು ದಿನಾನಾದ್ರೂ ಬಸ್ಸು ತಪ್ಪಿಸಿಕೊಂಡೀರೇನ್ರಿ?"

ದೇವಿಕಾ ಮನಸ್ಸಿನಲ್ಲೇ ದಿನಗಳನ್ನು ಎಣಿಸಿದಳು. ಇಲ್ಲ. ಇಡೀ ವರ್ಷದಲ್ಲಿ ಒಂದು ದಿನವೂ ಇಲ್ಲ.

"ಎಡಗಡೆ ಕನ್ನಡಿಯಾಗ ನೀವು ಓಡಿ ಬರೋದು ಕಾಣ್ತಿತ್ತು. ನೀವು ಹತ್ತೋ ತನಕ ಫಸ್ಟ್ ಗೇರಿನಾಗ ಹೋಗ್ತಿದ್ದೆ. ಯಾವ ಡ್ರೈವರ್ ಹಂಗ ಹೋಗ್ತಾನ್ರಿ? ಡೀಸೆಲ್ ಎಷ್ಟು ಕುಡೀತೈತಿ ಅಂತ ದಿನಾ ಬೈಸ್ಕೊಂಡೀನಿ."

ಅವಳಿಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. ಇಷ್ಟು ದಿನ ಕಲ್ಲುಮನುಷ್ಯ ಎಂದು ಬೈದದ್ದೆಲ್ಲ ನೆನಪಾಯಿತು. ಅವನು ಇಷ್ಟವಾಗಿದ್ದ. ಹಲಗೆಯ ಮೇಲಿನವನೂ ಇವನೂ ಒಬ್ಬನೇ ಆದದ್ದು ಅವಳಿಗೆ ಇನ್ನೂ ಇಷ್ಟವಾಗಿತ್ತು.

"ಹೆಸರು ಬರೆದ್ರಿ, ಆತು. ಇದು ಕ್ವಾಲಿಫೈಯಿಂಗ್ ಅಷ್ಟೇರಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನಾಳೆ ನೀವು ಓಡಿಸೋ ಒಂಬತ್ತರ ಹೊಸಪೇಟೆ ಸಂತಿ ಬಸ್ಸಿಗೆ ಊರಿಗೆ ಹೋಗ್ತೀನಿ. ಮಂದಿಗೆ ಗೊತ್ತಾಗಬಾರದು ಅಂತ ಇನ್ನೂ ಅನಿಸಿದ್ರ, ನಿಮ್ಮ ಟೈಮಿಗೆ ನೀವು ಹೋಗ್ರಿ."

*

ಭಾನುವಾರ ಟೌನ್‌ಶಿಪ್ಪಿನ ಮಂದಿಯೆಲ್ಲ ಸಂತೆಗೆ ಹೋಗುವ ಬಸ್ಸು. ಅಂದು ದೇವಿಕಾ ಬೇಕೆಂದೇ ತಡಮಾಡಿದಳೆಂದು ಹೇಮಾವತಿ ಇಂದಿಗೂ ವಾದಿಸುತ್ತಾಳೆ. ದೇವಿಕಾ ಒಪ್ಪುವುದಿಲ್ಲ. ಟ್ರಂಕಿನ ಚಿಲಕ ಹಾಕಲು ಬರಲಿಲ್ಲವಂತೆ.

ಅವಳು ಕೊನೆಯ ಮನೆಯಿಂದ ಹೊರಬಿದ್ದಾಗ ಒಂಬತ್ತು ಹತ್ತಾಗಿತ್ತು. ಟ್ರಂಕು ಹೊತ್ತು ಓಡಲಾಗದೆ ಓಡಿದಳು. ಕೂಗಲಿಲ್ಲ. ಇವತ್ತು ಕೂಗಬಾರದೆಂದು ಹಟ ಹಿಡಿದಿದ್ದಳು. ಮೂಲೆ ತಿರುಗುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ತೆರೆದಳು.

ಮೊದಲು ಕೇಳಿಸಿದ್ದು ಗದ್ದಲ. "ಯಾಕಲೇ ದುರುಗೇಶ, ಬಸ್ ಕೆಟ್ಟೈತೇನು?" "ಯಾರು ಬರಬೇಕಣ್ಣಾ ಇನ್ನಾ?" "ಸಂತಿ ಮುಗೀತದೋ ಮಾರಾಯಾ, ಜಲ್ದಿ ಬಿಡೋ!" ಕಿಟಕಿಗಳಿಂದ ನಲವತ್ತೆಂಟು ತಲೆಗಳು ಹೊರಬಂದಿದ್ದವು. ಎಲ್ಲವೂ ಅವಳತ್ತ ತಿರುಗಿದವು. ಗದ್ದಲ ಒಮ್ಮೆಲೇ ನಿಂತಿತು. ಪಂಪಣ್ಣ ಕನ್ನಡಕ ಏರಿಸಿ ಅವಳನ್ನು ನೋಡಿದ, ಹಲಗೆಯ ಬಿಳಿ ಅಕ್ಷರ ನೋಡಿದ, ನಕ್ಕ.

ಹಿಂದಿನ ಬಾಗಿಲಲ್ಲಿ ದುರುಗೇಶ್ ನಿಂತಿದ್ದ. ಕೆಳಗಿಳಿದು ಬಂದು ಟ್ರಂಕಿಗೆ ಕೈ ಹಾಕಿದ.

"ಬಸ್ಸಿನ ಟೈಮ್ ಎಷ್ಟೈತ್ರಿ?" ಎಂದು ದೇವಿಕಾ ಕೇಳಿದಳು. ಏದುಸಿರಿನಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ.

"ನೀವು ಬಂದಾಗ," ಎಂದ ದುರುಗೇಶ್, ಎಲ್ಲರಿಗೂ ಕೇಳುವಂತೆ.